ನಾಲ್ಕು ಚಕ್ರ ಎಳೆಯುವ ಗಾಡಿ, ಒಂದು ಸ್ಲೋ ಪಂಚರ್

ನಮ್ಮ ರೆನೋ ಡಸ್ಟರ್ ಕಾರಿನ ಹಿಂದಿನ ಎಡಗಡೆ ಟೈರಿನಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ನೆಲಕ್ಕೆ ಕೂತಿರುವಂಥ ಪಂಚರ್ ಅಲ್ಲ. ವಾರಕ್ಕೆ ಮೂರೋ ನಾಲ್ಕೋ ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತಿತ್ತು, ಅಷ್ಟೇ. ರೇಡಿಯಲ್ ಟೈರಿನ ಹೊಟ್ಟೆ ಯಾವಾಗಲೂ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ. ಹಾಗಾಗಿ ಬರೀ ಕಣ್ಣಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಇಂಥದ್ದಕ್ಕೆ ನಮ್ಮ ಕಡೆ ಎಲ್ಲರದ್ದೂ ಒಂದೇ ಮದ್ದು. ಬಂಕಿಗೆ ಹೋದಾಗೆಲ್ಲ ಗಾಳಿ ಹಾಕಿಸಿಕೊಂಡು ಓಡಿಸುತ್ತಾ ಇರುವುದು, ಟೈರ್ ಹಾಳಾದ ದಿನ ಒಂದು ಹೊಸದು ಹಾಕಿಸುವುದು. ಮುಂದಿನ ಎರಡು ಚಕ್ರ ಮಾತ್ರ ಎಳೆಯುವ ಗಾಡಿಗೆ ಅದು ಹೇಗೋ ನಡೆದುಹೋಗುತ್ತದೆ. ನಾಲ್ಕೂ ಚಕ್ರ ಎಳೆಯುವ ಆಲ್ ವೀಲ್ ಡ್ರೈವ್ (ಎಡಬ್ಲ್ಯೂಡಿ) ಗಾಡಿಗೆ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಒಂದು ಟೈರ್ ಕೆಟ್ಟರೆ ಉಳಿದ ಮೂರು ಟೈರಿನ ಹಣೆಬರಹವೂ ಅದರ ಜೊತೆಗೇ ಹೋಗುತ್ತದೆ. ಅದಕ್ಕೇ ಗಾಳಿ ಎಲ್ಲಿಂದ ಹೋಗುತ್ತಿದೆ ಎಂದು ಪತ್ತೆ ಮಾಡಿಯೇ ತೀರಬೇಕು ಎಂದು ಹೊರಟೆ.

ನಮ್ಮ ತೋಟ ಇರುವುದು ಸಕಲೇಶಪುರದಿಂದ ಹೆತ್ತೂರಿಗೆ ಹೋಗುವ ಕಡೆ. ಟಾರ್ ರಸ್ತೆ ಬಿಟ್ಟ ಮೇಲೆ ಮನೆಯವರೆಗೂ ಮಣ್ಣಿನ ಏರು. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ರಸ್ತೆಯಲ್ಲ, ಬರೀ ಕೆಸರು. 2014ರಲ್ಲಿ ಡಸ್ಟರ್‌ನ ಎಡಬ್ಲ್ಯೂಡಿ ಬಂದಾಗ ಮಲೆನಾಡಿನ ಎಷ್ಟೋ ತೋಟದವರ ಹಾಗೆ ನಾವೂ ಅದಕ್ಕೇ ಮನಸ್ಸು ಮಾಡಿದೆವು. ಗೇರ್ ಹತ್ತಿರ ಒಂದು ತಿರುಗುವ ಗುಂಡಿ ಇದೆ. ಅದರಲ್ಲಿ ಮೂರು ಜಾಗ: ಟೂ ವೀಲ್, ಆಟೋ, ಲಾಕ್. ಆಟೋದಲ್ಲಿ ಮುಂದಿನ ಚಕ್ರ ಜಾರಿದರೆ ಹಿಂದಿನ ಚಕ್ರಕ್ಕೂ ಬಲ ಹೋಗುತ್ತದೆ. ಲಾಕ್‌ನಲ್ಲಿ ಹಿಂದೆ ಮುಂದೆ ಸಮ ಪಾಲು. ಮೊದಲನೇ ಗೇರ್ ಎಷ್ಟು ಚಿಕ್ಕದು ಅಂದರೆ ಕೆಸರಿನ ಏರಿನಲ್ಲಿ ಗಾಡಿ ತೆವಳಿಕೊಂಡೇ ಹತ್ತುತ್ತದೆ. ಈ ಗಾಡಿ ಇಲ್ಲದಿದ್ದರೆ ಮಳೆಗಾಲದಲ್ಲಿ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಕ್ಕೂ ಜೀಪು ಹುಡುಕಬೇಕಿತ್ತು.

ಗಾಳಿ ಇಳಿಯುವುದು ಗಮನಕ್ಕೆ ಬಂದದ್ದು ಮಳೆ ನಿಂತು ಚಳಿ ಶುರುವಾದಾಗ. ಚಳಿಗೆ ಟೈರಿನ ಪ್ರೆಶರ್ ತಾನಾಗಿಯೇ ಕಮ್ಮಿಯಾಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು ಒಂದೂವರೆ ಪಿಎಸ್ಐ ಇಳಿಯುತ್ತದೆ. ಆದರೆ ಚಳಿ ನಾಲ್ಕೂ ಟೈರಿಗೆ ಒಂದೇ ಅಲ್ವಾ? ನಾಲ್ಕೂ ಒಟ್ಟಿಗೆ ಇಳಿದರೆ ಹವೆ, ಒಂದೇ ಒಂದು ಇಳಿದರೆ ಎಲ್ಲೋ ತೂತು. ಇದನ್ನು ಗಟ್ಟಿ ಮಾಡಿಕೊಳ್ಳಲು ಒಂದು ಒಳ್ಳೆಯ ಗೇಜ್ ತಂದೆ. ಬಂಕಿನ ಗೇಜ್ ನಂಬುವ ಹಾಗಿಲ್ಲ. ಒಂದು ಕಡೆ 33 ತೋರಿಸಿದ್ದು ಇನ್ನೊಂದು ಕಡೆ 30 ತೋರಿಸುತ್ತದೆ. ಯಾವುದು ಸರಿ ಎಂಬುದು ಇಲ್ಲಿ ಮುಖ್ಯವಲ್ಲ, ಪ್ರತಿ ಸಲವೂ ಅದೇ ಗೇಜ್ ಇರಬೇಕು, ಅದೇ ಹೊತ್ತು ಇರಬೇಕು. ಬೆಳಗ್ಗೆ ಗಾಡಿ ತೆಗೆಯುವ ಮೊದಲು, ಟೈರ್ ತಣ್ಣಗಿರುವಾಗ ನೋಡಿ ತೋಟದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಿದ್ದೆ. ಮೂರು ಟೈರ್ ಇದ್ದಲ್ಲೇ ಇದ್ದವು. ಹಿಂದಿನ ಎಡಗಡೆಯದು ಮಾತ್ರ ಇಳಿಯುತ್ತಾ ಹೋಯಿತು.

ಹೊಸ ಗಾಡಿಗಳಲ್ಲಿ ಇದಕ್ಕೆ ದೀಪ ಬರುತ್ತದಲ್ಲ ಎನ್ನಬಹುದು. ಬರುತ್ತದೆ. ಆದರೆ ಗಾಳಿ ಕಮ್ಮಿಯಾದರೆ ಎಚ್ಚರಿಸುವ ಆ ಟಿಪಿಎಂಎಸ್ ದೀಪವನ್ನೇ ನೆಚ್ಚಿಕೊಳ್ಳುವುದು ಬೇಡ. ಅಮೆರಿಕದ ನಿಯಮದ ಪ್ರಕಾರ ಆ ದೀಪ ಹತ್ತಬೇಕಾದದ್ದು ಗಾಳಿ ಕಾಲು ಭಾಗ ಕಮ್ಮಿಯಾದಾಗ. ಅಂದರೆ 33 ಇರಬೇಕಾದದ್ದು 25ಕ್ಕೆ ಇಳಿದ ಮೇಲೆ. ಅಷ್ಟರೊಳಗೆ ನಿಧಾನವಾಗಿ ಸೋರುವ ಟೈರ್ ಎಷ್ಟೋ ದಿನ ಅರೆಹೊಟ್ಟೆಯಲ್ಲೇ ಓಡಿರುತ್ತದೆ.

ಮೊದಲ ಹುಡುಕಾಟ ಮನೆಯಲ್ಲೇ. ಕಾಫಿ ಒಣಗಿಸುವ ಕಣ ಸಿಮೆಂಟಿನದು, ಸಮತಟ್ಟಾಗಿದೆ. ಅಲ್ಲಿ ಗಾಡಿ ನಿಲ್ಲಿಸಿ, ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು ಜಾಕಿ ಹಾಕಿದೆ. ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಒಂದು ಚಕ್ರ ಜಾಕಿಯ ಮೇಲಿರುವಾಗ ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ ಚಕ್ರ ತಿರುಗಿಸಿ ನೋಡುವವರಿದ್ದಾರೆ. ಆಲ್ ವೀಲ್ ಡ್ರೈವ್‌ನಲ್ಲಿ ಅದನ್ನು ಯಾವತ್ತೂ ಮಾಡಬಾರದು. ನೆಲದ ಮೇಲಿರುವ ಚಕ್ರಕ್ಕೂ ಬಲ ಹೋದರೆ ಗಾಡಿ ಜಾಕಿಯಿಂದ ಜಿಗಿಯುತ್ತದೆ. ಚಕ್ರ ಬಿಚ್ಚಿ ಕೆಳಗಿಟ್ಟು ನೋಡುವುದೇ ಸರಿ.

ಬಕೆಟಿನಲ್ಲಿ ಸೋಪಿನ ಪುಡಿ ಕದಡಿ, ಗಿಡಕ್ಕೆ ಔಷಧಿ ಹೊಡೆಯುವ ಸಣ್ಣ ಕೈ ಪಂಪಿಗೆ ಹಾಕಿಕೊಂಡು ಟೈರಿಗೆಲ್ಲ ಹೊಡೆದೆ. ಮೊದಲು ಬಟನ್ ಇರುವ ಜಾಗ, ಅಂದರೆ ಟೈರ್ ನೆಲಕ್ಕೆ ತಾಗುವ ಗೀರುಗೀರಿನ ಭಾಗ. ಮೊಳೆ, ಮುಳ್ಳು, ತಂತಿ ಏನೂ ಇರಲಿಲ್ಲ. ಹಿಂದೆ ಯಾವತ್ತೋ ದಾರ ತುರುಕಿದ್ದ ಒಂದು ಹಳೇ ಪಂಚರ್ ಇತ್ತು, ಅಲ್ಲೂ ಗುಳ್ಳೆ ಬರಲಿಲ್ಲ. ಆಮೇಲೆ ವಾಲ್ವ್. ಅದರ ಬಾಯಿಗೆ ಒಂದು ಹನಿ ಬಿಟ್ಟೆ, ಕುತ್ತಿಗೆಯನ್ನು ನಾಲ್ಕೂ ಕಡೆಗೆ ಬಗ್ಗಿಸಿ ನೋಡಿದೆ. ರಬ್ಬರ್ ವಾಲ್ವಿನ ಬುಡ ಒಣಗಿ ಬಿರುಕು ಬಿಟ್ಟಿದ್ದರೆ ಬಗ್ಗಿಸಿದಾಗ ಮಾತ್ರ ಸೋರುತ್ತದೆ. ಅಲ್ಲೂ ಇಲ್ಲ. ಹೊರಗಡೆಯ ರಿಮ್ ಅಂಚಿನಲ್ಲೂ ಇಲ್ಲ.

ಅಷ್ಟಾದ ಮೇಲೆ ಪೇಟೆಯ ಪಂಚರ್ ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಒಂದು ಸುತ್ತು ಉರುಳಿಸಿದ. ಅಗಲದ ಟೈರ್, ಸಣ್ಣ ತೊಟ್ಟಿ. ಅರ್ಧ ಮುಳುಗಿತು, ಅರ್ಧ ಮೇಲೇ ಇತ್ತು.

"ಅಕ್ಕಾ, ಏನೂ ಇಲ್ಲ ಇದ್ರಲ್ಲಿ. ಬೇಕಾದ್ರೆ ಟ್ಯೂಬ್ ಹಾಕ್ಬಿಡ್ತೀನಿ, ನಿಮಗೆ ತಲೆನೋವೇ ಇರಲ್ಲ."

ಬೇಡ ಎಂದೆ. ಟ್ಯೂಬ್‌ಲೆಸ್ ಟೈರಿನೊಳಗೆ ಟ್ಯೂಬ್ ಹಾಕುವ ಈ ಸಲಹೆ ಎಲ್ಲ ಕಡೆ ಸಿಗುತ್ತದೆ. ಟೈರಿನ ಒಳಮೈಗೂ ಟ್ಯೂಬಿಗೂ ಉಜ್ಜಾಟ ನಡೆದು ಬಿಸಿಯಾಗುತ್ತದೆ. ಮೊಳೆ ಚುಚ್ಚಿದರೆ ಟ್ಯೂಬ್‌ಲೆಸ್ ಮೆಲ್ಲಗೆ ಇಳಿಯುತ್ತದೆ, ಟ್ಯೂಬ್ ಒಂದೇ ಏಟಿಗೆ ಬಿಡುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ ಹಾಗಾಗುವುದನ್ನು ನೆನೆದರೇ ಭಯವಾಗುತ್ತದೆ. ಇನ್ನೊಬ್ಬರು ನೈಟ್ರೋಜನ್ ಹಾಕಿಸಿ ಎಂದರು. ನಾವು ಉಸಿರಾಡುವ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ. ತೂತಿದ್ದರೆ ಅದೂ ಹೋಗುತ್ತದೆ. ಒಳಗೆ ಸುರಿಯುವ ಅಂಟಿನ ದ್ರಾವಣವೂ ನನಗೆ ಒಪ್ಪಿಗೆಯಾಗಲಿಲ್ಲ. ತುರ್ತಿಗೆ ಅದು ಸರಿ, ದಾರಿ ಮಧ್ಯೆ ನಿಂತವರನ್ನು ಮನೆ ಮುಟ್ಟಿಸುತ್ತದೆ. ಆದರೆ ಕಾರಣವೇ ಗೊತ್ತಿಲ್ಲದೆ ಸುರಿದರೆ ರೋಗ ಮುಚ್ಚಿಹೋಗುತ್ತದೆ, ಆಮೇಲೆ ಟೈರ್ ಬಿಚ್ಚುವವನಿಗೂ ಕಷ್ಟ.

ಹಾಸನದಲ್ಲಿ ದೊಡ್ಡದೊಂದು ಟೈರ್ ಅಂಗಡಿ. ಅಲ್ಲಿಯವರು ಚಕ್ರ ನೋಡುವುದಕ್ಕೂ ಮೊದಲೇ, "ಮೇಡಂ, ಒಂದು ಹೊಸದು ಹಾಕಿಸಿಬಿಡಿ, ಸಾಕು" ಎಂದರು. ನಾನು ಎಡಬ್ಲ್ಯೂಡಿ ಎಂದೆ. "ಅದಕ್ಕೇನಾಗುತ್ತೆ, ಸೈಜ್ ಒಂದೇ ಅಲ್ವಾ?"

ಸೈಜ್ ಒಂದೇ ಅಲ್ಲ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಅಂಗಡಿಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಟೈರ್ 215/65 ಆರ್ 16. ಹೊಸದಿದ್ದಾಗ ಒಂದು ಸುತ್ತಿಗೆ ಸುಮಾರು 2 ಮೀಟರ್ 15 ಸೆಂಟಿಮೀಟರ್ ಹೋಗುತ್ತದೆ. ಹೊಸ ಟೈರಿನ ಬಟನ್ ಸುಮಾರು 8 ಮಿಲಿಮೀಟರ್ ಆಳ ಎಂದಿಟ್ಟುಕೊಳ್ಳಿ. ನಮ್ಮ ಟೈರುಗಳಲ್ಲಿ ಉಳಿದದ್ದು 5ರ ಆಸುಪಾಸು. ಮೂರು ಮಿಲಿಮೀಟರ್ ಏನು ಮಹಾ ಅನ್ನಿಸುತ್ತದೆ. ಆದರೆ ಅದು ಕೇಂದ್ರದಿಂದ ಅಳೆದ ಮೂರು ಮಿಲಿಮೀಟರ್. ಸುತ್ತಳತೆಗೆ ಬಂದರೆ 19 ಮಿಲಿಮೀಟರ್ ವ್ಯತ್ಯಾಸ. ಹೊಸ ಟೈರ್ ಒಂದು ಕಿಲೋಮೀಟರಿಗೆ 464 ಸುತ್ತು ಹಾಕಿದರೆ ಹಳೆಯದು 468 ಹಾಕಬೇಕು. ಹಾಸನದಿಂದ ಬೆಂಗಳೂರು ಮುಟ್ಟುವಷ್ಟರಲ್ಲಿ ಒಂದು ಚಕ್ರಕ್ಕೂ ಪಕ್ಕದ ಚಕ್ರಕ್ಕೂ 700 ಸುತ್ತಿಗಿಂತ ಜಾಸ್ತಿ ಅಂತರ ಬೀಳುತ್ತದೆ.

ಆ ಅಂತರವನ್ನು ಯಾರಾದರೂ ಹೊರಬೇಕು. ಒಂದಷ್ಟನ್ನು ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್, ಅಂದರೆ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು, ಹೊರುತ್ತದೆ. ತಿರುವಿನಲ್ಲಿ ಮಾತ್ರ ಮಾಡಬೇಕಾದ ಕೆಲಸವನ್ನು ಅದು ನೇರ ದಾರಿಯಲ್ಲೂ ಮಾಡುತ್ತಾ ಹೋಗಬೇಕು. ಉಳಿದದ್ದು ಹಿಂದಕ್ಕೂ ಮುಂದಕ್ಕೂ ಕೊಂಡಿ ಹಾಕುವ ಕ್ಲಚ್ ಪ್ಲೇಟುಗಳ ಪಾಲು. ಆ ಪ್ಲೇಟುಗಳು ಬಿಗಿಯಾದಾಗೆಲ್ಲ ಉಜ್ಜಿ ಬಿಸಿಯಾಗುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಆ ಒತ್ತಡ ಕಳೆದುಹೋಗುತ್ತದೆ. ಒಣ ಟಾರಿನ ಮೇಲೆ ಜಾರುವ ದಾರಿಯೂ ಇಲ್ಲ. ಗಾಳಿ ಕಮ್ಮಿಯಾದ ಟೈರೂ ಸ್ವಲ್ಪ ಚಿಕ್ಕದಾಗಿಯೇ ಉರುಳುತ್ತದೆ, ಆದರೆ ಆ ವ್ಯತ್ಯಾಸ ತೀರಾ ಸಣ್ಣದು. ನಾಲ್ಕು ಪಿಎಸ್ಐ ಇಳಿದ ತಕ್ಷಣ ಕ್ಲಚ್ ಸುಟ್ಟುಹೋಗುತ್ತದೆ ಎಂದು ಹೆದರಿಸುವುದು ತಪ್ಪು. ಗಾಳಿ ಕಮ್ಮಿಯಾಗಿ ಓಡಿದರೆ ಮೊದಲು ಸಾಯುವುದು ಟೈರಿನ ಪಕ್ಕದ ಗೋಡೆ. ಟೈರ್ ಸತ್ತ ಮೇಲೆ ಒಂದೇ ಒಂದು ಹೊಸದು ಹಾಕಿಸುತ್ತೇವಲ್ಲ, ಕ್ಲಚ್ಚಿಗೆ ಕುತ್ತು ಬರುವುದು ಆಗ.

ನನ್ನ ತಂಗಿ ಇರುವುದು ಅಮೆರಿಕದ ಡೆನ್ವರಿನಲ್ಲಿ. ಹಿಮ ಬೀಳುವ ಊರು, ಅವಳದ್ದೂ ಆಲ್ ವೀಲ್ ಡ್ರೈವ್ ಕಾರು, ಸುಬಾರು. ಸುಬಾರು ಕಂಪನಿ ಅಲ್ಲಿ ಹೇಳುವ ಮಿತಿ ಕಾಲು ಇಂಚು: ನಾಲ್ಕು ಟೈರುಗಳ ಸುತ್ತಳತೆಯಲ್ಲಿ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಬಟನ್ ಲೆಕ್ಕದಲ್ಲಿ ಅದು ಹೆಚ್ಚೂಕಮ್ಮಿ ಒಂದು ಮಿಲಿಮೀಟರ್. ಪ್ರತಿ ಕಂಪನಿಯ ಮಿತಿ ಬೇರೆ, ಯಂತ್ರವೂ ಬೇರೆ. ಆದರೆ ಮೂರು ಮಿಲಿಮೀಟರ್ ಸುಬಾರು ಹೇಳುವ ಮಿತಿಗಿಂತ ತುಂಬಾ ಜಾಸ್ತಿ. ಅಲ್ಲಿಯ ಕೆಲವು ಅಂಗಡಿಗಳಲ್ಲಿ ಹೊಸ ಟೈರನ್ನು ಯಂತ್ರಕ್ಕೆ ಕೊಟ್ಟು, ಹಳೇ ಟೈರಿನ ಅಳತೆಗೆ ಬರುವ ತನಕ ಹೆರೆದು ಕೊಡುತ್ತಾರಂತೆ. ಅಂಥ ಅಂಗಡಿಯನ್ನು ನಮ್ಮ ಕಡೆ ನಾನು ಕಂಡಿಲ್ಲ. ಇಲ್ಲಿ ಟೈರ್ ಹೋದರೆ ಜೋಡಿ ಹಾಕಿಸಬೇಕು, ಸವೆತ ಜಾಸ್ತಿಯಿದ್ದರೆ ನಾಲ್ಕೂ. ಫೋನಿನಲ್ಲಿ ಮಾತಾಡುತ್ತಾ ಅವಳು ಒಂದು ಮಾತು ಹೇಳಿದಳು: "ಅಕ್ಕ, ಒಳಗಡೆ ರಿಮ್ ಅಂಚು ನೋಡಿಸ್ದ್ಯಾ? ನಂಗೆ ಇಲ್ಲಿ ಸೋರಿದ್ದು ಅಲ್ಲೇ." ಡೆನ್ವರಿನ ಕಡೆ ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಮೆಗ್ನೀಸಿಯಂ ಕ್ಲೋರೈಡ್ ಹಾಕುತ್ತಾರೆ. ಅದು ಅಲಾಯ್ ರಿಮ್ಮನ್ನು ತಿನ್ನುತ್ತದೆ.

ಒಳಗಿನ ಅಂಚನ್ನು ನಾನೂ ಸರಿಯಾಗಿ ನೋಡಿರಲಿಲ್ಲ, ಪಂಚರ್ ಅಂಗಡಿಯ ತೊಟ್ಟಿಯಲ್ಲೂ ಅದು ಮುಳುಗಿರಲಿಲ್ಲ. ಮತ್ತೆ ಕಣಕ್ಕೆ ತಂದು ಚಕ್ರ ಬಿಚ್ಚಿ, ಒಳಮೈ ಮೇಲೆ ಬರುವ ಹಾಗೆ ಮಲಗಿಸಿದೆ. ಒಣಗಿದ ಕೆಸರನ್ನೆಲ್ಲ ಬ್ರಶ್ ಹಾಕಿ ತೆಗೆದೆ. ರಿಮ್ಮಿಗೂ ಟೈರಿಗೂ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ ಇರುತ್ತದಲ್ಲ, ಅದರ ತುಂಬ ಸೋಪಿನ ನೀರು ಬಿಟ್ಟು ಸುಮ್ನೆ ಕೂತೆ. ಮೊದಲು ಏನೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಂದು ಕಡೆ ನೀರು ಬೆಳ್ಳಗಾಯಿತು. ಬಗ್ಗಿ ನೋಡಿದರೆ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು, ಒಂದಕ್ಕೊಂದು ಅಂಟಿಕೊಂಡು ಏಳುತ್ತಿದ್ದವು. ಗುಳ್ಳೆ ಒಡೆಯುವ ಸದ್ದಿಲ್ಲ, ಗಾಳಿಯ ಸುಯ್ ಎನ್ನುವ ಸದ್ದೂ ಇಲ್ಲ. ಒಂದು ಗೇಣು ಉದ್ದಕ್ಕೆ ನೊರೆ ಕಟ್ಟಿತು. ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಸಿಕ್ಕಿತಲ್ಲ ಎಂದು ಎಷ್ಟು ಸಮಾಧಾನವಾಯಿತೆಂದರೆ ಅಪ್ಪನನ್ನು ಕೂಗಿ ಕರೆದು ತೋರಿಸಿದೆ.

ಆಮೇಲೆ ಹಾಸನದಲ್ಲೇ ಇನ್ನೊಂದು ಅಂಗಡಿ, ವಯಸ್ಸಾದ ಒಬ್ಬರು ನಡೆಸುವುದು. ಸೀಮೆಸುಣ್ಣದ ಗೆರೆ ನೋಡಿದವರೇ, "ಅಮ್ಮ, ಗಾಡೀಲಿ ಗೊಬ್ಬರ ಸಾಗಿಸ್ತೀರಾ?" ಎಂದು ಕೇಳಿದರು. ಹೌದು, ಡಿಕ್ಕಿಯಲ್ಲಿ ಆಗಾಗ ಪೊಟ್ಯಾಷ್ ಮೂಟೆ ಬರುತ್ತದೆ. ಮೂಟೆ ಇಳಿಸುವ ಜಾಗದ ಕೆಸರಿನಲ್ಲೇ ಗಾಡಿ ನಿಲ್ಲುತ್ತದೆ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಒಂದು ಬಗೆಯ ಉಪ್ಪೇ. ತಂಗಿಯ ಊರಿನ ರಸ್ತೆಗೆ ಸುರಿಯುವುದೂ ಕ್ಲೋರೈಡ್, ನಮ್ಮ ತೋಟಕ್ಕೆ ಹಾಕುವುದೂ ಕ್ಲೋರೈಡ್. ನಮ್ಮ ರಿಮ್ಮಿಗೆ ಅದೇ ಕಾರಣ ಎಂದು ಆಣೆ ಮಾಡಿ ಹೇಳಲಾರೆ. ನಾಲ್ಕು ತಿಂಗಳ ಮಲೆನಾಡಿನ ಕೆಸರೂ ಸಾಕು. ಆದರೆ ಅವರ ಪ್ರಶ್ನೆ ಸರಿಯಾಗಿತ್ತು.

ಅವರು ಮಷಿನ್ನಿಗೆ ಹಾಕಿ ಬೀಡಿಂಗ್, ಅಂದರೆ ರಿಮ್ಮಿಗೆ ಬಿಗಿಯಾಗಿ ಕೂರುವ ಟೈರಿನ ಅಂಚು, ಬಿಡಿಸಿದರು. ಟೈರ್ ಎದ್ದು ಬಂದ ಕೂಡಲೇ ಕಂಡಿತು: ಬೀಡಿಂಗ್ ಕೂರುವ ಜಾಗದಲ್ಲಿ ಅಲ್ಯೂಮಿನಿಯಂ ಬೆಳ್ಳಗೆ ಪುಡಿಪುಡಿಯಾಗಿ ಎದ್ದಿತ್ತು. ಬಣ್ಣ ಪೊರೆ ಬಿಟ್ಟು, ಅದರಡಿ ಸಣ್ಣ ಸಣ್ಣ ಗುಳಿಗಳು. ಉಗುರಿನಲ್ಲಿ ಕೆರೆದರೆ ಸುಣ್ಣದ ಹಾಗೆ ಉದುರುತ್ತಿತ್ತು. ರಬ್ಬರ್ ಆ ಪುಡಿಯ ಮೇಲೆ ಕೂತಿದ್ದರೆ ಗಾಳಿ ಹೇಗೆ ನಿಲ್ಲುತ್ತದೆ?

ರಿಮ್ ಮುಟ್ಟುವ ಮೊದಲು ಅವರು ಟೈರಿನ ಒಳಗೆ ಟಾರ್ಚ್ ಬಿಟ್ಟು ಕೈಯಾಡಿಸಿದರು. ಇದನ್ನು ತುಂಬಾ ಜನ ಮಾಡುವುದಿಲ್ಲ. ಗಾಳಿ ಕಮ್ಮಿಯಿದ್ದಾಗ ಜಾಸ್ತಿ ದೂರ ಓಡಿದ ಟೈರಿನ ಒಳಗೋಡೆ ಮಡಚಿ ಉಜ್ಜಿ, ಕಪ್ಪು ರಬ್ಬರ್ ಪುಡಿ ಉದುರಿರುತ್ತದೆ, ಸುತ್ತಲೂ ಒಂದು ಪಟ್ಟೆ ಬಿದ್ದಿರುತ್ತದೆ. ಹಾಗಾಗಿದ್ದರೆ ಆ ಟೈರಿಗೆ ಏನು ರಿಪೇರಿ ಮಾಡಿದರೂ ವ್ಯರ್ಥ, ಯಾವತ್ತಾದರೂ ಸಿಡಿಯುತ್ತದೆ. ಅವರು ಕೈ ಹೊರಗೆ ತೆಗೆದು ಬೆರಳು ತೋರಿಸಿದರು. ಪುಡಿ ಇರಲಿಲ್ಲ. ವಾರ ವಾರವೂ ನೋಡಿ ಗಾಳಿ ತುಂಬಿಸಿದ್ದಕ್ಕೆ ಟೈರ್ ಉಳಿದಿತ್ತು. ಪುಡಿ ಇದ್ದಿದ್ದರೆ ಅಲ್ಲೇ ಜೋಡಿ ಟೈರಿನ ದುಡ್ಡು ಕೊಡಬೇಕಾಗಿತ್ತು.

ತಂತಿ ಬ್ರಶ್, ಆಮೇಲೆ ಸಣ್ಣ ಮರಳು ಕಾಗದ. ಗ್ರೈಂಡರ್ ಹಾಕಲಿಲ್ಲ. ಲೋಹ ಜಾಸ್ತಿ ಹೋದರೆ ಟೈರ್ ಕೂರುವ ಅಳತೆಯೇ ಕೆಡುತ್ತದೆ ಎಂದರು. ಬಿಳಿ ಪುಡಿ ಪೂರ್ತಿ ಹೋಗಿ ಲೋಹ ಹೊಳೆಯುವ ತನಕ ಕೈಯಲ್ಲೇ ಉಜ್ಜಿದರು. ಒರೆಸಿ ಒಣಗಿಸಿ, ಅಂಚಿಗೆ ಸುತ್ತಲೂ ಗಾಳಿ ಸೋರದಂತೆ ತಡೆಯುವ ಬೀಡ್ ಸೀಲರ್ ಬಳಿದರು. ಟೈರಿನ ಬೀಡಿಂಗ್ ಮೇಲೆ ಅಂಟಿದ್ದ ಪುಡಿಯನ್ನೂ ಬಿಡಲಿಲ್ಲ. ಟೈರ್ ಬಿಚ್ಚಿದ ಮೇಲೆ ಹಳೇ ವಾಲ್ವ್ ಉಳಿಸುವುದರಲ್ಲಿ ಅರ್ಥವಿಲ್ಲ, ಹೊಸದು ಹಾಕಿಸಿದೆ. ಹಳೆಯ ದಾರದ ಪಂಚರ್ ಸೋರುತ್ತಿರಲಿಲ್ಲ. ಆದರೂ ಒಳಗಡೆ ದಾರದ ತುದಿ ನೇತಾಡುತ್ತಿತ್ತು. ಅದನ್ನು ಎಳೆದು, ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕಿದರು. ತೂತಿಗೆ ತುಂಬುವ ಕಡ್ಡಿ, ಒಳಮೈಗೆ ಅಂಟುವ ಕೊಡೆ ಎರಡೂ ಒಂದೇ ತುಂಡಿನಲ್ಲಿರುತ್ತವೆ. ಬಟನ್ ಇರುವ ಜಾಗದಲ್ಲಿ 6 ಮಿಲಿಮೀಟರ್ ಒಳಗಿನ ತೂತಿಗೆ ಇದೇ ಸರಿಯಾದ ರಿಪೇರಿ. ಪಕ್ಕದ ಗೋಡೆಗೆ ಯಾವ ರಿಪೇರಿಯೂ ಇಲ್ಲ.

ಮತ್ತೆ ಗಾಳಿ ತುಂಬಿ, ಪೂರ್ತಿ ಮುಳುಗುವ ತೊಟ್ಟಿಗೆ ಹಾಕಿ ನೋಡಿ, ಬ್ಯಾಲೆನ್ಸಿಂಗ್ ಮಾಡಿ ಗಾಡಿಗೆ ಹಾಕಿದರು. ಎಲ್ಲಾ ಸೇರಿ ಖರ್ಚು ಹೊಸ ಟೈರಿನ ಬೆಲೆಯ ಹತ್ತನೇ ಒಂದು ಭಾಗವೂ ಆಗಲಿಲ್ಲ. ಉಳಿದ ಮೂರು ರಿಮ್ಮುಗಳನ್ನೂ ಬಿಚ್ಚಿ ನೋಡಿ ಎಂದು ನಾನೇ ಕೇಳಿಕೊಂಡೆ. ಇನ್ನೊಂದರಲ್ಲಿ ಬಿಳಿ ಪುಡಿ ಆಗ ತಾನೇ ಶುರುವಾಗಿತ್ತು. ಅದಕ್ಕೂ ಅದೇ ಚಿಕಿತ್ಸೆ ಆಯಿತು.

ಬಟನ್ ಆಳವನ್ನೂ ಗೇಜ್ ಇಟ್ಟು ಅಳೆದರು. ಮುಂದಿನವು ಹಿಂದಿನವಕ್ಕಿಂತ ಸ್ವಲ್ಪ ಜಾಸ್ತಿ ಸವೆದಿದ್ದವು. ಗಾಡಿ ಹೆಚ್ಚಿನ ಹೊತ್ತು ಮುಂದಿನ ಚಕ್ರದಲ್ಲೇ ಎಳೆಯುವುದರಿಂದ ಅದು ಸಹಜ. ಹಿಂದಿನದು ಮುಂದೆ, ಮುಂದಿನದು ಹಿಂದೆ ಬದಲಾಯಿಸಿದರು. ನಾಲ್ಕೂ ಒಟ್ಟಿಗೆ ಸವೆಯಬೇಕಾದರೆ 8ರಿಂದ 10 ಸಾವಿರ ಕಿಲೋಮೀಟರಿಗೆ ಒಮ್ಮೆ ಹೀಗೆ ಬದಲಾಯಿಸುತ್ತಾ ಇರಬೇಕು. ಮಳೆಗಾಲದ ಏರಿಗೆ, ಟೈರಿನಲ್ಲೇ ಇರುವ 1.6 ಮಿಲಿಮೀಟರಿನ ಸವೆತದ ಗುರುತು ಬರುವ ತನಕ ಕಾಯುವುದು ನನಗಂತೂ ಸರಿಯಿಲ್ಲ. 3 ಮಿಲಿಮೀಟರಿಗೆ ಬಂದಾಗ ನಾಲ್ಕೂ ಬದಲಾಯಿಸುತ್ತೇನೆ.

ಉಳಿದದ್ದು ಸ್ಟೆಪ್ನಿಯ ಪ್ರಶ್ನೆ. ನಮ್ಮ ಸ್ಟೆಪ್ನಿ ಒಂದು ದಿನವೂ ರಸ್ತೆ ಕಂಡಿಲ್ಲ. ಅಂದರೆ ಅದು ಉಳಿದವಕ್ಕಿಂತ ದೊಡ್ಡದು. ಪಂಚರ್ ಆಗಿ ಅದನ್ನು ಹಾಕಬೇಕಾಗಿ ಬಂದರೆ ಗುಂಡಿಯನ್ನು ಟೂ ವೀಲ್‌ಗೆ ತಿರುಗಿಸಿ, ಅದನ್ನು ಹಿಂದಿನ ಚಕ್ರಕ್ಕೇ ಹಾಕಿ, ಹತ್ತಿರದ ಅಂಗಡಿಯವರೆಗೆ ಮಾತ್ರ ಓಡಿಸುವುದು ಎಂದು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿದ್ದೇನೆ. ಎಲ್ಲ ಎಡಬ್ಲ್ಯೂಡಿ ಗಾಡಿಗಳಲ್ಲಿ ಈ ಗುಂಡಿ ಇರುವುದಿಲ್ಲ. ನಿಮ್ಮದರಲ್ಲಿ ಇಲ್ಲದಿದ್ದರೆ ಕೈಪಿಡಿಯಲ್ಲಿ ಸ್ಟೆಪ್ನಿ ಬಗ್ಗೆ ಏನು ಬರೆದಿದ್ದಾರೆ ಎಂದು ಈಗಲೇ ಓದಿಟ್ಟುಕೊಳ್ಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಓಡದೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಸ್ಟೆಪ್ನಿಯದ್ದನ್ನೂ ನೋಡಿ.

ಹಾಸನದಿಂದ ಮನೆಗೆ ಬಂದು ಮಾರನೇ ದಿನವೇ ಚಕ್ರದ ಬೋಲ್ಟುಗಳನ್ನು ಎದುರುಬದುರಾಗಿ ಇನ್ನೊಮ್ಮೆ ಕೈಸ್ಪ್ಯಾನರಿನಲ್ಲಿ ಬಿಗಿ ಮಾಡಿದೆ. ಅಲಾಯ್ ರಿಮ್ ಬಿಚ್ಚಿ ಹಾಕಿದ ಮೇಲೆ ಐವತ್ತು ನೂರು ಕಿಲೋಮೀಟರ್ ಓಡಿಸಿ ಇದನ್ನು ನೋಡಲೇಬೇಕು. ಅಲ್ಲಿಂದೀಚೆಗೆ ಪುಸ್ತಕದ ಹಾಳೆಯಲ್ಲಿ ನಾಲ್ಕು ಅಂಕಿಗಳೂ ಜೊತೆಜೊತೆಗೇ ಏರುತ್ತವೆ, ಜೊತೆಜೊತೆಗೇ ಇಳಿಯುತ್ತವೆ. ಕುಯ್ಲು ಮುಗಿದ ಮೇಲೆ ಆ ಎರಡು ರಿಮ್ಮುಗಳ ಒಳ ಅಂಚನ್ನು ಮತ್ತೆ ಸೋಪಿನ ನೀರು ಬಿಟ್ಟು ನೋಡುವುದಿದೆ. ಪೊಟ್ಯಾಷ್ ಮೂಟೆಗಳು ಈ ಸಲ ಟ್ರ್ಯಾಕ್ಟರಿನಲ್ಲಿ ಬರುತ್ತಿವೆ.